ಹಳೆಯ ಐಪ್ಯಾಡ್, ಹೊಸ ಐಪ್ಯಾಡ್: ಸಂಗೀತ ನಿರ್ಮಾಣಕ್ಕೆ ಯಾವುದು ಎಲ್ಲಿಯವರೆಗೆ ಸಾಕು

ಟ್ಯಾಬ್ಲೆಟ್‌ನಲ್ಲಿ ವಿಡಿಯೊ ಎಡಿಟ್ ಮಾಡುವಾಗ ಯಂತ್ರ ನಿಧಾನವಾದರೆ ಕೆಲಸ ತಡವಾಗುತ್ತದೆ, ಅಷ್ಟೆ. ಸಂಗೀತದಲ್ಲಿ ಹಾಗಲ್ಲ. ಬಫರ್ (ಒಂದು ಸಲಕ್ಕೆ ಲೆಕ್ಕ ಹಾಕುವ ಧ್ವನಿಯ ತುಣುಕು) 128 ಸ್ಯಾಂಪಲ್, ಸ್ಯಾಂಪಲ್ ರೇಟ್ (ಸೆಕೆಂಡಿಗೆ ಧ್ವನಿಯ ಎಷ್ಟು ಅಳತೆ ಎಂಬುದು) 48 ಕಿಲೋಹರ್ಟ್ಸ್ ಇಟ್ಟುಕೊಂಡರೆ ಪ್ರತಿ 2.67 ಮಿಲಿಸೆಕೆಂಡಿಗೊಮ್ಮೆ ಧ್ವನಿಯ ಮುಂದಿನ ತುಣುಕು ಸಿದ್ಧವಾಗಿರಲೇಬೇಕು. ಸೆಕೆಂಡಿಗೆ ಇಂಥ 375 ಗಡುವುಗಳು. 374 ಸರಿಯಾಗಿ ಮುಗಿದು ಒಂದೇ ಒಂದು ತಪ್ಪಿದರೂ ‘ಚಟ್’ ಎಂದು ಕಿವಿಗೆ ಬಡಿಯುತ್ತದೆ. ಅದಕ್ಕೇ ಬೆಂಚ್‌ಮಾರ್ಕ್ ಅಂಕಗಳನ್ನಷ್ಟೇ ನೋಡಿ ಸಂಗೀತಕ್ಕೆ ಟ್ಯಾಬ್ ಆರಿಸಬಾರದು. ಆ ಅಂಕ ಹೇಳುವುದು ಒಟ್ಟು ಎಷ್ಟು ಕೆಲಸವಾಯಿತು ಎಂದು. ನಮಗೆ ಬೇಕಾಗಿರುವುದು ಅತಿ ಕಷ್ಟದ ಕ್ಷಣದಲ್ಲೂ ಗಡುವು ತಪ್ಪಲಿಲ್ಲವೇ ಎಂಬ ಉತ್ತರ.

ಈ ಕಣ್ಣಿನಿಂದ ನೋಡಿದರೆ 2014ರಿಂದ ಈಚಿನ ಐಪ್ಯಾಡ್‌ಗಳಲ್ಲಿ ಪ್ರತಿ ವರ್ಷವೂ ದೊಡ್ಡ ಜಿಗಿತವೇನೂ ಕಾಣುವುದಿಲ್ಲ. ನಿಜವಾದ ಮೆಟ್ಟಿಲುಗಳು ಮೂರು: ಎ12 ಚಿಪ್, ಯುಎಸ್‌ಬಿ-ಸಿ ಪೋರ್ಟ್, ಮತ್ತು ಎಂ1 ಜೊತೆಗೆ ಬಂದ 8 ಜಿಬಿ ರ‍್ಯಾಮ್. ಈ ಮೂರನ್ನೂ ದಾಟಿದ ಯಂತ್ರ ಕೈಯಲ್ಲಿದ್ದರೆ ಹೊಸದಕ್ಕೆ ಹಣ ಸುರಿಯುವ ಮೊದಲು ಎರಡು ಸಲ ಯೋಚಿಸಿ. ಒಂದನ್ನೂ ದಾಟಿಲ್ಲದಿದ್ದರೆ ಎಷ್ಟೇ ಕಡಿಮೆ ಬೆಲೆಗೆ ಸಿಕ್ಕರೂ ಅದನ್ನು ಮುಖ್ಯ ಯಂತ್ರ ಮಾಡಿಕೊಳ್ಳಬೇಡಿ.

ಚಿಪ್: ಎಷ್ಟು ಕೋರ್ ಎನ್ನುವುದಕ್ಕಿಂತ ಎಂಥ ಕೋರ್

2014ರ ಐಪ್ಯಾಡ್ ಏರ್ 2ರಲ್ಲಿ ಎ8ಎಕ್ಸ್ ಚಿಪ್, ಮೂರು ಕೋರ್ (ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕ), 2 ಜಿಬಿ ರ‍್ಯಾಮ್. ಅದರ ಕಾಲಕ್ಕೆ ಗಟ್ಟಿ ಯಂತ್ರ. ಈಗ ಐಪ್ಯಾಡ್‌ಓಎಸ್ 15ಕ್ಕೆ ನಿಂತುಹೋಗಿದೆ. 2018ರ ಆರನೇ ತಲೆಮಾರಿನ ಐಪ್ಯಾಡ್‌ನಲ್ಲಿರುವುದು ಎ10. ಕಾಗದದ ಮೇಲೆ ಇದಕ್ಕೆ ನಾಲ್ಕು ಕೋರ್, ಎರಡು ದೊಡ್ಡವು, ಎರಡು ಚಿಕ್ಕವು. ಆದರೆ ಎ10ರಲ್ಲಿ ಎರಡೂ ಜೋಡಿ ಒಟ್ಟಿಗೆ ಕೆಲಸ ಮಾಡುವುದಿಲ್ಲ, ಒಂದು ಸಲಕ್ಕೆ ಒಂದೇ ಜೋಡಿ. ಅಂದರೆ ಭಾರದ ಕೆಲಸಕ್ಕೆ ಅದು ಎರಡು ಕೋರ್‌ನ ಯಂತ್ರ. ಧ್ವನಿಯ ಲೆಕ್ಕಕ್ಕೆ ಒಂದು ಕೋರ್ ಹೋದರೆ ಪರದೆ, ಟಚ್, ಮಿಡಿ (ನುಡಿಸಿದ ಸ್ವರಗಳ ಸಂಕೇತ), ಫೈಲ್ ಓದುವುದು ಎಲ್ಲವೂ ಉಳಿದ ಒಂದರ ತಲೆಗೆ. ಅದಕ್ಕೇ ಈ ಟ್ಯಾಬ್‌ನಲ್ಲಿ ಟೈಮ್‌ಲೈನ್ ಜೂಮ್ ಮಾಡುವಾಗಲೋ ಪ್ಲಗಿನ್ (ಸಂಗೀತದ ಆ್ಯಪ್ ಒಳಗೆ ಸೇರಿಸುವ ವಾದ್ಯ ಅಥವಾ ಎಫೆಕ್ಟ್) ಕಿಟಕಿ ತೆರೆಯುವಾಗಲೋ ಸದ್ದು ಕಡಿಯುವುದು. ಲೋಡ್ ಮೀಟರ್ 60 ಶೇಕಡಾ ಮಾತ್ರ ತೋರಿಸುತ್ತಿರುತ್ತದೆ, ಆದರೂ ಚಟಪಟ ಶುರು.

ಎ12ರಿಂದ ಇದು ಬದಲಾಗುತ್ತದೆ. ಎರಡು ದೊಡ್ಡ, ನಾಲ್ಕು ಚಿಕ್ಕ ಕೋರ್, ಆರೂ ಒಟ್ಟಿಗೆ ಓಡಬಲ್ಲವು. 2019ರ ಏರ್ 3, ಮಿನಿ 5, 2020ರ ಎಂಟನೇ ತಲೆಮಾರಿನ ಐಪ್ಯಾಡ್, ಎಲ್ಲದರಲ್ಲೂ ಇದೇ ಚಿಪ್. 2018ರ ಐಪ್ಯಾಡ್ ಪ್ರೊನಲ್ಲಿರುವ ಎ12ಎಕ್ಸ್‌ನಲ್ಲಿ ದೊಡ್ಡ ಕೋರ್ ನಾಲ್ಕು. ಹಳೆಯ ಯಂತ್ರಗಳ ಪೈಕಿ ಸಂಗೀತದವರು ಇನ್ನೂ ಹುಡುಕಿಕೊಂಡು ಹೋಗಬೇಕಾದದ್ದು ಇದೊಂದೇ ಎನ್ನಬಹುದು. ಗಮನಿಸಿ: ಎಂ1, ಎಂ2, ಎಂ3ರಲ್ಲೂ ದೊಡ್ಡ ಕೋರ್ ನಾಲ್ಕೇ. 2024ರ ಎಂ4 ಪ್ರೊದಲ್ಲಿ 256 ಮತ್ತು 512 ಜಿಬಿ ಮಾದರಿಗೆ ಮೂರು ದೊಡ್ಡ, ಆರು ಚಿಕ್ಕ. 1 ಟಿಬಿ ಮತ್ತು 2 ಟಿಬಿಗೆ ಮಾತ್ರ ನಾಲ್ಕು ದೊಡ್ಡ. ಸಂಖ್ಯೆ ಏರಲಿಲ್ಲ, ಒಂದೊಂದು ಕೋರ್‌ನ ವೇಗ ಏರಿತು. ಎ12ಎಕ್ಸ್‌ನ ಒಂದು ಕೋರ್‌ಗೆ ಹೋಲಿಸಿದರೆ ಎಂ4ರದ್ದು ಎರಡು ಪಟ್ಟಿಗೂ ಹೆಚ್ಚು.

ಈ ಒಂದು ಕೋರ್‌ನ ವೇಗವೇ ಸಂಗೀತದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು. ಒಂದು ಟ್ರ್ಯಾಕ್‌ನಲ್ಲಿ ಸಿಂತ್ (ಎಲೆಕ್ಟ್ರಾನಿಕ್ ಸ್ವರ ಹುಟ್ಟಿಸುವ ವಾದ್ಯ), ಆಮೇಲೆ ಕಂಪ್ರೆಸರ್, ಆಮೇಲೆ ಡಿಲೇ, ಕೊನೆಗೆ ರಿವರ್ಬ್ ಎಂಬ ಎಫೆಕ್ಟುಗಳು ಇದ್ದರೆ ಹಿಂದಿನದರ ಲೆಕ್ಕ ಮುಗಿಯದೆ ಮುಂದಿನದು ಶುರುವಾಗಲಾರದು. ಸರಪಳಿಯನ್ನು ಕೋರ್‌ಗಳ ನಡುವೆ ಹಂಚಲು ಬರುವುದಿಲ್ಲ. ಎಲ್ಲ ಟ್ರ್ಯಾಕ್ ಬಂದು ಸೇರುವ ಮಾಸ್ಟರ್ ಚಾನೆಲ್‌ಗೂ ಇದೇ ಮಾತು. ಇಪ್ಪತ್ತು ಹಗುರ ಟ್ರ್ಯಾಕ್‌ಗಳನ್ನು ಆರಾಮವಾಗಿ ಓಡಿಸುವ ಟ್ಯಾಬ್ ಮಾಸ್ಟರ್ ಮೇಲೆ ಒಂದು ಲಿಮಿಟರ್, ಒಂದು ಟೇಪ್ ಸ್ಯಾಚುರೇಶನ್, ಒಂದು ಭಾರದ ಈಕ್ಯೂ ಹಾಕಿದ ತಕ್ಷಣ ಮುಗ್ಗರಿಸುವುದು ಇದೇ ಕಾರಣಕ್ಕೆ.

ಭಾರ ಎಲ್ಲಿಂದ ಬರುತ್ತದೆಂದು ತಿಳಿದರೆ ಹಳೆಯ ಟ್ಯಾಬ್‌ನಿಂದಲೂ ಬಹಳ ಕೆಲಸ ತೆಗೆಯಬಹುದು. ಎಂಟು ಸ್ವರದ ಕಾರ್ಡ್, ಪ್ರತಿ ಸ್ವರಕ್ಕೆ ಏಳು ಯುನಿಸನ್ (ಅದೇ ಸ್ವರದ ಪ್ರತಿಗಳು) ಎಂದರೆ 56 ಆಸಿಲೇಟರ್ (ಸ್ವರ ಹುಟ್ಟಿಸುವ ಘಟಕ). ರಿಲೀಸ್ (ಕೀ ಬಿಟ್ಟ ಮೇಲೆ ಸ್ವರ ಅಡಗುವ ಸಮಯ) 6 ಸೆಕೆಂಡ್ ಇದ್ದು ಅಷ್ಟರೊಳಗೆ ಮುಂದಿನ ಕಾರ್ಡ್ ನುಡಿಸಿದರೆ ಹಳೆಯದು ಇನ್ನೂ ಉಳಿದಿರುತ್ತದೆ, ಅಲ್ಲಿಗೆ 112. ಯುನಿಸನ್ ಏಳರಿಂದ ಮೂರಕ್ಕೆ, ರಿಲೀಸ್ ಎರಡು ಸೆಕೆಂಡಿಗೆ ಇಳಿಸಿ ರಿವರ್ಬ್‌ನ ಬಾಲ ಉದ್ದ ಮಾಡಿ. ಮಿಕ್ಸ್‌ನೊಳಗೆ ವ್ಯತ್ಯಾಸ ಹಿಡಿಯುವುದು ಕಷ್ಟ, ಭಾರ ಮಾತ್ರ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಓವರ್‌ಸ್ಯಾಂಪ್ಲಿಂಗ್ (ಹೆಚ್ಚಿನ ಸ್ಯಾಂಪಲ್ ರೇಟಿನಲ್ಲಿ ಲೆಕ್ಕ ಹಾಕುವುದು) 4 ಪಟ್ಟು ಇಟ್ಟಿದ್ದರೆ ಆ ಪ್ಲಗಿನ್‌ನ ಲೆಕ್ಕವೂ ಹತ್ತಿರಹತ್ತಿರ ನಾಲ್ಕು ಪಟ್ಟು. ಅದನ್ನು ಕೊನೆಯ ಎಕ್ಸ್‌ಪೋರ್ಟ್‌ಗೆ ಮಾತ್ರ ಆನ್ ಮಾಡಿ. ಪ್ರತಿ ಟ್ರ್ಯಾಕ್‌ಗೂ ಒಂದೊಂದು ರಿವರ್ಬ್ ಹಾಕುವ ಅಭ್ಯಾಸವಿದ್ದರೆ ಬಿಟ್ಟುಬಿಡಿ, ಎಲ್ಲ ಟ್ರ್ಯಾಕ್ ಹಂಚಿಕೊಳ್ಳುವ ಒಂದು ಸೆಂಡ್ ಚಾನೆಲ್‌ನಲ್ಲಿ ಒಂದೇ ರಿವರ್ಬ್ ಸಾಕು.

ಲಾಜಿಕ್ ಪ್ರೊ, ಕ್ಯೂಬೇಸಿಸ್ ಎಂಬ ಎರಡೂ ಸಂಗೀತ ಆ್ಯಪ್ ಒಳಗೆ ಟ್ರ್ಯಾಕ್ ಫ್ರೀಜ್ ಮಾಡುವ (ಲೆಕ್ಕ ಮುಗಿಸಿ ಫೈಲ್ ಆಗಿಸುವ) ಸೌಲಭ್ಯವಿದೆ. ಗ್ಯಾರೇಜ್‌ಬ್ಯಾಂಡ್‌ನಲ್ಲಿ ಟ್ರ್ಯಾಕ್‌ಗಳನ್ನು ಮರ್ಜ್ ಮಾಡಬಹುದು, ಆದರೆ ಮರ್ಜ್‌ಗೆ ಮೊದಲು ಪ್ರಾಜೆಕ್ಟಿನ ಒಂದು ನಕಲು ಇಟ್ಟುಕೊಳ್ಳಿ. ಎಯುಎಂ (ಪ್ಲಗಿನ್ ಓಡಿಸುವ ಮಿಕ್ಸರ್ ಆ್ಯಪ್) ಬಳಸುವವರು ಸಿಂತ್ ಇರುವ ಚಾನೆಲ್ಲನ್ನು ಫೈಲ್‌ಗೆ ರೆಕಾರ್ಡ್ ಮಾಡಿ, ಸಿಂತ್ ತೆಗೆದು, ಆ ಫೈಲನ್ನೇ ಪ್ಲೇಯರ್‌ನಲ್ಲಿ ಹಾಕಿದರೆ ಅದೇ ಫಲ.

ಹೊಸ ಚಿಪ್‌ಗಳ ವಿಚಿತ್ರವೊಂದನ್ನೂ ಹೇಳಬೇಕು. ಭಾರ ಕಡಿಮೆ ಇದ್ದಾಗ ಇವು ಬ್ಯಾಟರಿ ಉಳಿಸಲು ವೇಗ ಇಳಿಸಿಕೊಳ್ಳುತ್ತವೆ. ಒಂದೇ ಸಿಂತ್ ಓಡುವಾಗ ಮೀಟರ್ 30 ಶೇಕಡಾ ತೋರಿಸಿ, ನಾಲ್ಕು ಹಾಕಿದಾಗಲೂ 40ರ ಆಸುಪಾಸಿನಲ್ಲೇ ನಿಂತರೆ ಗಾಬರಿಯಾಗಬೇಡಿ. ಮೀಟರ್ ಅಳೆಯುವುದು ಗಡುವಿನಲ್ಲಿ ಎಷ್ಟು ಸಮಯ ಖರ್ಚಾಯಿತು ಎಂಬುದನ್ನು, ಚಿಪ್‌ನ ಪೂರ್ಣ ಶಕ್ತಿಯನ್ನಲ್ಲ. ಕಿರಿಕಿರಿಯಾಗುವುದು ಮೌನದಿಂದ ಥಟ್ಟನೆ ದೊಡ್ಡ ಕಾರ್ಡ್ ಹಿಡಿದಾಗ: ಕೋರ್ ವೇಗ ಏರಿಸಿಕೊಳ್ಳುವ ಮೊದಲೇ ಒಂದೆರಡು ಗಡುವು ತಪ್ಪಬಹುದು. ಆಗ ಬಫರನ್ನು ಒಂದು ಮೆಟ್ಟಿಲು ಏರಿಸುವುದೇ ಪರಿಹಾರ. ಇನ್ನು ಲೋ ಪವರ್ ಮೋಡ್ ಆನ್ ಆಗಿದ್ದರಂತೂ ಎಂ4 ಕೂಡ ಮಂಕು. ‘ಹೊಸ ಟ್ಯಾಬ್ ಕೂಡ ಚಟಪಟ ಎನ್ನುತ್ತಿದೆ’ ಎಂಬ ದೂರು ಬಂದರೆ ಮೊದಲು ನೋಡಬೇಕಾದ ಜಾಗ ಅದು.

ರ‍್ಯಾಮ್: ಸದ್ದಿಲ್ಲದೆ ಕೈಕೊಡುವುದು ಇಲ್ಲಿ

ಚಿಪ್ ಸಾಲದಾದರೆ ಕಿವಿಗೆ ಕೇಳುತ್ತದೆ. ರ‍್ಯಾಮ್ ಸಾಲದಾದರೆ ಆ್ಯಪ್ ಮಾಯವಾಗುತ್ತದೆ. 2015ರಲ್ಲಿ ಐಓಎಸ್ 9ರ ಜೊತೆ ಬಂದ ಎಯುವಿ3 (ಆಪಲ್ ರೂಪಿಸಿದ ಪ್ಲಗಿನ್ ವ್ಯವಸ್ಥೆ) ಪ್ಲಗಿನ್‌ಗಳು ತಮ್ಮನ್ನು ಬಳಸುವ ಹೋಸ್ಟ್ ಆ್ಯಪ್‌ನ ಹೊರಗೆ, ತಮ್ಮದೇ ಪ್ರಕ್ರಿಯೆಯಲ್ಲಿ ಓಡುತ್ತವೆ. ಒಂದೊಂದಕ್ಕೂ ಸಿಸ್ಟಮ್ ಮೆಮೊರಿ ಮಿತಿ ಹಾಕಿರುತ್ತದೆ. ದೊಡ್ಡ ಸ್ಯಾಂಪಲ್ (ಮೊದಲೇ ರೆಕಾರ್ಡ್ ಮಾಡಿದ ಸ್ವರಗಳ) ಪಿಯಾನೊ ಲೋಡ್ ಮಾಡಿದಾಗ ಶಬ್ದ ನಿಂತು ಪ್ಲಗಿನ್ ಕಿಟಕಿ ಖಾಲಿಯಾದರೆ ಸಾಮಾನ್ಯವಾಗಿ ಈ ಮಿತಿಯೇ ಕಾರಣ. ಹೋಸ್ಟ್ ಕುಸಿಯದೆ ಪ್ಲಗಿನ್ ಮಾತ್ರ ಸತ್ತಿರುತ್ತದೆ. ಅದನ್ನು ತೆಗೆದು ಮತ್ತೆ ಹಾಕಿದರೆ ಬರುತ್ತದೆ, ಆದರೆ ಉಳಿಸದೆ ಇದ್ದ ನಾಬ್ ಬದಲಾವಣೆಗಳು ಹೋಗಿರುತ್ತವೆ.

2 ಜಿಬಿ ಟ್ಯಾಬ್‌ನಲ್ಲಿ ಒಂದು ಹೋಸ್ಟ್ ಮತ್ತು ನಾಲ್ಕೈದು ಹಗುರ ಪ್ಲಗಿನ್ ಎಂದಿಟ್ಟುಕೊಳ್ಳಿ. ಮಧ್ಯದಲ್ಲಿ ಬ್ರೌಸರ್‌ಗೆ ಹೋಗಿ ಬಂದರೆ ಹೋಸ್ಟ್ ಮೊದಲಿನಿಂದ ತೆರೆದುಕೊಂಡರೂ ಆಶ್ಚರ್ಯವಿಲ್ಲ. 3 ಜಿಬಿ (ಏರ್ 3, ಮಿನಿ 5, ಎಂಟನೇ ಮತ್ತು ಒಂಬತ್ತನೇ ತಲೆಮಾರಿನ ಐಪ್ಯಾಡ್) ಸ್ವಲ್ಪ ಉಸಿರಾಡಲು ಬಿಡುತ್ತದೆ. 4 ಜಿಬಿ (2018ರ ಪ್ರೊ, ಏರ್ 4, ಮಿನಿ 6, ಹತ್ತನೇ ತಲೆಮಾರು) ಬಹುಪಾಲು ಹಾಡಿನ ಕೆಲಸಕ್ಕೆ ಸಾಕು. 2018ರ ಪ್ರೊದಲ್ಲೇ 1 ಟಿಬಿ ಮಾದರಿಗೆ 6 ಜಿಬಿ ರ‍್ಯಾಮ್ ಇದೆ. ಹಳೆಯದನ್ನು ಕೊಳ್ಳುವವರು ಇದನ್ನು ನೆನಪಿಡಬೇಕು, ಏಕೆಂದರೆ ಮಾರುವವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. 2020ರ ಎ12ಝಡ್ ಪ್ರೊದಲ್ಲಿ ಎಲ್ಲ ಮಾದರಿಗೂ 6 ಜಿಬಿ. ಎಂ1ರಿಂದ ಕನಿಷ್ಠ 8, 1 ಟಿಬಿ ಮತ್ತು ಅದರ ಮೇಲಿನ ಪ್ರೊಗಳಲ್ಲಿ 16.

ಆರ್ಕೆಸ್ಟ್ರಾ ಸ್ಯಾಂಪಲ್, ಬಹು ಪದರದ ಪಿಯಾನೊ, ಡ್ರಮ್ ಕಿಟ್ ಇವೇ ನಿಮ್ಮ ಕೆಲಸವಾದರೆ 8 ಜಿಬಿಗಿಂತ ಕೆಳಗೆ ಇಳಿಯಲೇಬೇಡಿ. ಬರೀ ಸಿಂತ್ ಮತ್ತು ಧ್ವನಿ ರೆಕಾರ್ಡಿಂಗ್ ಆದರೆ 4 ಜಿಬಿ ಎಂದು ಹೆದರಬೇಕಾಗಿಲ್ಲ. ಸಿಂತ್ ತಿನ್ನುವುದು ಚಿಪ್ಪನ್ನು, ಸ್ಯಾಂಪ್ಲರ್ ತಿನ್ನುವುದು ಮೆಮೊರಿಯನ್ನು.

ಪೋರ್ಟ್ ಮತ್ತು ಲೇಟೆನ್ಸಿ

ಲೈಟ್ನಿಂಗ್ ಪೋರ್ಟ್‌ನ ಟ್ಯಾಬ್‌ಗೆ ಆಡಿಯೊ ಇಂಟರ್‌ಫೇಸ್ (ಮೈಕ್, ಗಿಟಾರ್ ಜೋಡಿಸುವ ಪೆಟ್ಟಿಗೆ) ಸೇರಿಸಲು ಕ್ಯಾಮೆರಾ ಅಡಾಪ್ಟರ್ ಬೇಕು. ಎರಡು ಬಗೆ ಇವೆ. ಬರೀ ಯುಎಸ್‌ಬಿ ಕಿಂಡಿ ಇರುವ ಚಿಕ್ಕದನ್ನು ಕೊಳ್ಳಬೇಡಿ. ಪಕ್ಕದಲ್ಲಿ ಚಾರ್ಜಿಂಗ್ ಕಿಂಡಿಯೂ ಇರುವ ಯುಎಸ್‌ಬಿ 3 ಅಡಾಪ್ಟರನ್ನೇ ತೆಗೆದುಕೊಳ್ಳಿ. ಟ್ಯಾಬ್‌ನಿಂದಲೇ ವಿದ್ಯುತ್ ಎಳೆಯುವ ಇಂಟರ್‌ಫೇಸ್‌ನಲ್ಲಿ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕ್‌ಗೆ ಕೊಡುವ ವಿದ್ಯುತ್) ಒತ್ತಿದ ಕೂಡಲೇ ‘ಈ ಸಾಧನಕ್ಕೆ ಹೆಚ್ಚು ವಿದ್ಯುತ್ ಬೇಕು’ ಎಂಬ ಸಂದೇಶ ಬಂದು ಸಂಪರ್ಕ ಕಡಿದುಹೋದರೆ, ಸ್ವಂತ ಅಡಾಪ್ಟರ್ ಇರುವ ಹಬ್ ಮಧ್ಯೆ ಹಾಕಿ. ಜೋಡಿಸುವ ಕ್ರಮವೂ ಮುಖ್ಯ: ಮೊದಲು ಹಬ್‌ಗೆ ವಿದ್ಯುತ್, ನಂತರ ಇಂಟರ್‌ಫೇಸ್, ಅದು ಎಚ್ಚೆತ್ತ ಮೇಲೆ ಟ್ಯಾಬ್, ಕೊನೆಗೆ ಆ್ಯಪ್. ಆ್ಯಪ್ ಮೊದಲೇ ತೆರೆದಿದ್ದರೆ ಅದು ಒಳಗಿನ ಸ್ಪೀಕರ್‌ನ 48 ಕಿಲೋಹರ್ಟ್ಸ್‌ಗೆ ಹೊಂದಿಕೊಂಡಿರುತ್ತದೆ. ಪ್ರಾಜೆಕ್ಟ್ 44.1ರಲ್ಲಿದ್ದು ಆ್ಯಪ್ ಇದನ್ನು ಸರಿಯಾಗಿ ನಿಭಾಯಿಸದಿದ್ದರೆ ಶ್ರುತಿಯೇ ಏರುಪೇರು, ಇಲ್ಲವೇ ಸದಾ ಸಣ್ಣ ಕರಕರ.

ಯುಎಸ್‌ಬಿ-ಸಿ ಇರುವ ಟ್ಯಾಬ್‌ಗಳಲ್ಲಿ ಈ ಗೋಳು ಬಹಳ ಮಟ್ಟಿಗೆ ಇಲ್ಲ. ಒಂದು ಕೇಬಲ್ ಸಾಕು. ಆದರೆ ಯುಎಸ್‌ಬಿ-ಸಿ ಎಂದ ಮಾತ್ರಕ್ಕೆ ಎಲ್ಲದರ ವೇಗವೂ ಒಂದೇ ಅಲ್ಲ. ಹತ್ತನೇ ತಲೆಮಾರಿನ ಐಪ್ಯಾಡ್‌ನದು ಯುಎಸ್‌ಬಿ 2ರ 480 ಮೆಗಾಬಿಟ್, ಮಿನಿ 6ರದು 5 ಗಿಗಾಬಿಟ್, 2018ರ ಪ್ರೊದ್ದು 10 ಗಿಗಾಬಿಟ್, ಎಂ1 ಪ್ರೊದಿಂದ ಥಂಡರ್‌ಬೋಲ್ಟ್. ಇದನ್ನು ನೋಡಿ ‘480 ಮೆಗಾಬಿಟ್ ರೆಕಾರ್ಡಿಂಗ್‌ಗೆ ಸಾಲದು’ ಎನ್ನುವವರು ಲೆಕ್ಕ ಹಾಕಿಲ್ಲ. 24 ಬಿಟ್, 48 ಕಿಲೋಹರ್ಟ್ಸ್‌ನ 16 ಚಾನೆಲ್ ಒಟ್ಟಿಗೆ ಹರಿದರೂ ಸೆಕೆಂಡಿಗೆ 18.4 ಮೆಗಾಬಿಟ್ ಅಷ್ಟೆ. ಥಂಡರ್‌ಬೋಲ್ಟ್‌ಗೆಂದು ಹೆಚ್ಚು ಕೊಟ್ಟರೆ ಲೇಟೆನ್ಸಿಯೂ (ನುಡಿಸಿದ್ದು ಕಿವಿಗೆ ತಲುಪಲು ಆಗುವ ತಡ) ಇಳಿಯುತ್ತದೆ ಎಂದುಕೊಳ್ಳಬೇಡಿ. ವೇಗದ ಪೋರ್ಟ್ ನೆರವಿಗೆ ಬರುವುದು ಹತ್ತಾರು ಜಿಬಿ ಸ್ಯಾಂಪಲ್ ಅಥವಾ ಮುಗಿದ ಪ್ರಾಜೆಕ್ಟುಗಳನ್ನು ಎಸ್‌ಎಸ್‌ಡಿಗೆ ಸಾಗಿಸುವಾಗ.

ಲೇಟೆನ್ಸಿ ನಿರ್ಧರಿಸುವುದು ಬಫರ್. ಗಿಟಾರ್ ಒಳಗೆ ಹೋಗಿ, ಆ್ಯಂಪ್ ಪ್ಲಗಿನ್ ದಾಟಿ, ಹೆಡ್‌ಫೋನ್‌ಗೆ ಬರುವಾಗ ಒಳಕ್ಕೊಂದು ಹೊರಕ್ಕೊಂದು ಬಫರ್ ಲೆಕ್ಕ. 48 ಕಿಲೋಹರ್ಟ್ಸ್‌ನಲ್ಲಿ 128ಕ್ಕೆ 5.3, 256ಕ್ಕೆ 10.7, 512ಕ್ಕೆ 21.3 ಮಿಲಿಸೆಕೆಂಡ್, ಇಂಟರ್‌ಫೇಸ್‌ನ ಪರಿವರ್ತಕಗಳದ್ದು ಇದರ ಮೇಲೆ. ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಅಂದರೆ 128ರ ಬಫರ್ ಎರಡು ಮೀಟರಿಗೂ ಕಡಿಮೆ ದೂರದಲ್ಲಿಟ್ಟ ಸ್ಪೀಕರ್ ಇದ್ದಂತೆ, 512ರದ್ದು ಏಳು ಮೀಟರ್ ಆಚೆಯದ್ದು. ನುಡಿಸುವ ಕೈಗೆ ಮೊದಲನೆಯದು ತಿಳಿಯುವುದಿಲ್ಲ, ಎರಡನೆಯದು ತಾಳವನ್ನೇ ಎಳೆದುಬಿಡುತ್ತದೆ. ಹಳೆಯ ಮತ್ತು ಹೊಸ ಟ್ಯಾಬ್‌ನ ವ್ಯತ್ಯಾಸ ಕೈಗೆ ಗೊತ್ತಾಗುವುದು ಇಲ್ಲಿ: ಹಳೆಯದರಲ್ಲೂ 128 ಇಡಬಹುದು, ಆದರೆ ಒಂದೆರಡು ಟ್ರ್ಯಾಕ್ ಇರುವಾಗ ಮಾತ್ರ. ಹಾಡು ಬೆಳೆದಂತೆ 256, 512 ಎಂದು ಏರಿಸುತ್ತಾ ಹೋಗಬೇಕು, ಕೊನೆಗೆ ಮೇಲೊಂದು ಲೀಡ್ ನುಡಿಸಬೇಕೆಂದಾಗ ಆಗುವುದಿಲ್ಲ. ಎಂ1 ಅಥವಾ ಅದರ ಮೇಲಿನದರಲ್ಲಿ ಹಾಡು ಮುಗಿಯುವ ಹಂತದಲ್ಲೂ 128ರಲ್ಲೇ ಉಳಿಯುವ ಸಾಧ್ಯತೆ ಹೆಚ್ಚು. ಹಳೆಯದರಲ್ಲಿ ಕೆಲಸ ಮಾಡುವವರು ಉಳಿದೆಲ್ಲವನ್ನೂ ಒಂದು ಸ್ಟೀರಿಯೊ ಫೈಲ್ ಮಾಡಿ, ಹೊಸ ಪ್ರಾಜೆಕ್ಟಿನಲ್ಲಿ ಅದರ ಮೇಲೆ ಲೀಡ್ ರೆಕಾರ್ಡ್ ಮಾಡಿ, ಆ ಟ್ರ್ಯಾಕನ್ನು ಮೂಲಕ್ಕೆ ತಂದು ಕೂರಿಸಬೇಕು. ಬ್ಲೂಟೂತ್ ಹೆಡ್‌ಫೋನ್ ಯಾವ ಟ್ಯಾಬ್‌ನಲ್ಲೂ ನುಡಿಸುವ ಕೆಲಸಕ್ಕೆ ಬಾರದು.

ಹೆಡ್‌ಫೋನ್ ಕಿಂಡಿಯ ವಿಷಯದಲ್ಲಿ ಮಾತ್ರ ಹಳೆಯದಕ್ಕೇ ಗೆಲುವು. ಪ್ರೊದಲ್ಲಿ 2018ರಲ್ಲೇ ಅದು ಹೋಯಿತು. 2021ರ ಒಂಬತ್ತನೇ ತಲೆಮಾರೇ ಕಿಂಡಿ ಇದ್ದ ಕೊನೆಯ ಐಪ್ಯಾಡ್.

ಶಾಖ

ಯಾವ ಐಪ್ಯಾಡ್‌ಗೂ ಫ್ಯಾನ್ ಇಲ್ಲ. ಮೊದಲ ಐದು ನಿಮಿಷದ ಪರೀಕ್ಷೆಯನ್ನು ನಂಬಬೇಡಿ. ದಪ್ಪ ಕವರ್, ಪೂರ್ತಿ ಬ್ರೈಟ್‌ನೆಸ್, ಜೊತೆಗೆ ಚಾರ್ಜಿಂಗ್, ಈ ಮೂರೂ ಸೇರಿದರೆ ಯಾವ ಚಿಪ್ ಆದರೂ ವೇಗ ಇಳಿಸಿಕೊಳ್ಳುತ್ತದೆ. ವೇದಿಕೆಯ ಮೇಲೆ ದೀಪದ ಕೆಳಗೆ ಇಡುವವರು ಕವರ್ ತೆಗೆದು, ಹಿಂಬದಿಗೆ ಗಾಳಿಯಾಡುವ ಸ್ಟ್ಯಾಂಡ್ ಬಳಸಿ, ಬಫರ್ ಮನೆಯಲ್ಲಿ ಇಡುವುದಕ್ಕಿಂತ ಒಂದು ಮೆಟ್ಟಿಲು ಮೇಲಿಡಿ. ಚಾರ್ಜ್ ಮಾಡುವಾಗ ಮಾತ್ರ ಕೀಂಯ್ ಎಂಬ ಸಣ್ಣ ಸದ್ದು ಸ್ಪೀಕರ್‌ಗೆ ಬಂದರೆ ಅದು ಗ್ರೌಂಡ್ ಲೂಪ್ (ಸಾಧನಗಳ ಅರ್ಥಿಂಗ್ ಸುತ್ತುಹಾದಿಯಿಂದ ಬರುವ ಗದ್ದಲ). ಟ್ಯಾಬ್ ಬದಲಿಸಿದರೆ ಹೋಗುವುದಿಲ್ಲ, ಬ್ಯಾಲನ್ಸ್ಡ್ ಕೇಬಲ್ ಅಥವಾ ಐಸೊಲೇಟರ್ ಬೇಕು.

ತಂತ್ರಾಂಶ ಎಲ್ಲಿ ಬಾಗಿಲು ಹಾಕುತ್ತದೆ

ಲಾಜಿಕ್ ಪ್ರೊ 2023ರ ಮೇ ತಿಂಗಳಲ್ಲಿ ಐಪ್ಯಾಡ್‌ಗೆ ಬಂದಾಗಲೇ ಎ12 ಕನಿಷ್ಠ ಎಂದು ಗೆರೆ ಎಳೆಯಿತು. 2024ರಲ್ಲಿ ಬಂದ ಸ್ಟೆಮ್ ಸ್ಪ್ಲಿಟರ್ (ಮುಗಿದ ಹಾಡನ್ನು ಧ್ವನಿ, ವಾದ್ಯಗಳಾಗಿ ಬಿಡಿಸುವುದು) ಮತ್ತು ಕ್ರೋಮಾಗ್ಲೋ (ಸ್ಯಾಚುರೇಶನ್ ಎಫೆಕ್ಟ್) ಎಂ1 ಕೇಳಿದವು. ಐಪ್ಯಾಡ್‌ಓಎಸ್ 26 ಕೂಡ ಎ12ರಿಂದಲೇ ಶುರು. ಎ10ರ ಏಳನೇ ತಲೆಮಾರು ಅಲ್ಲಿಗೆ ಹೊರಬಿತ್ತು. ಹೀಗಾಗಿ ಎ10 ಅಥವಾ ಅದಕ್ಕಿಂತ ಹಳೆಯದನ್ನು ಈಗ ಸಂಗೀತಕ್ಕೆಂದೇ ಕೊಳ್ಳುವುದು ಸಲ್ಲದು, ಚಿಪ್‌ಗಿಂತ ಇದೇ ಮುಖ್ಯ ಕಾರಣ. ಈಗಾಗಲೇ ಇದ್ದರೆ ಬೇರೆ ಮಾತು: ಹೊಸ ಟ್ಯಾಬ್‌ನಲ್ಲಿ ಅದೇ ಖಾತೆಯಿಂದ ಆ್ಯಪ್ ಕೊಂಡು, ಆಮೇಲೆ ಹಳೆಯದರ ‘ಖರೀದಿಸಿದವು’ ಪಟ್ಟಿಯಿಂದ ಇಳಿಸಿಕೊಂಡರೆ, ಅದಕ್ಕೆ ಹೊಂದುವ ಕೊನೆಯ ಆವೃತ್ತಿ ಇದ್ದಲ್ಲಿ ಸಿಗುತ್ತದೆ. ಅಂಥ ಟ್ಯಾಬನ್ನು ಅಪ್‌ಡೇಟ್ ಮಾಡದೆ, ವೈಫೈ ಆಫ್ ಮಾಡಿ, ಒಂದೇ ಸಿಂತ್‌ಗೆ ಅಥವಾ ಮಿಡಿ ಕಂಟ್ರೋಲರ್ ಆಗಿ ಮೀಸಲಿಡಿ. ಒಂದು ಕೆಲಸಕ್ಕೆ ಕಟ್ಟಿಹಾಕಿದ ಏರ್ 2 ಇವತ್ತಿಗೂ ಒಳ್ಳೆಯ ವಾದ್ಯ.

ಆಂಡ್ರಾಯ್ಡ್ ಟ್ಯಾಬ್‌ಗಳ ಪಾಡು ಬೇರೆ. 2017ರ ಆಂಡ್ರಾಯ್ಡ್ 8ರಲ್ಲಿ ಎಆಡಿಯೊ ಎಂಬ ಧ್ವನಿ ವ್ಯವಸ್ಥೆ ಬಂದ ಮೇಲೆ ಲೇಟೆನ್ಸಿ ಸುಧಾರಿಸಿತು, ಆದರೂ ತಯಾರಕರಿಂದ ತಯಾರಕರಿಗೆ ಏರುಪೇರು ಉಳಿದಿದೆ. ದೊಡ್ಡ ಕೊರತೆ ಎಯುವಿ3ಯಂಥ ಸಾಮಾನ್ಯ ಪ್ಲಗಿನ್ ವ್ಯವಸ್ಥೆ ಬೇರೂರದೇ ಇರುವುದು. ಎಫ್‌ಎಲ್ ಸ್ಟುಡಿಯೊ ಮೊಬೈಲ್ ಅಥವಾ ಕ್ಯೂಬೇಸಿಸ್ ಒಳಗಿರುವುದರಲ್ಲೇ ಹಾಡು ಮುಗಿಸುವವರಿಗೆ ಇದು ಸಾಕು. ಬಹು ಚಾನೆಲ್ ರೆಕಾರ್ಡಿಂಗ್ ಬೇಕಾದರೆ ತನ್ನದೇ ಯುಎಸ್‌ಬಿ ಡ್ರೈವರ್ ಹೊತ್ತು ಬರುವ ಆಡಿಯೊ ಎವಲ್ಯೂಶನ್ ಮೊಬೈಲ್ ನೋಡಿ.

ಹಳೆಯದನ್ನು ಕೊಳ್ಳುವ ಮೊದಲು ಅರ್ಧ ಗಂಟೆ

ಸೆಟ್ಟಿಂಗ್ಸ್‌ನಲ್ಲಿ ಮಾದರಿ ಸಂಖ್ಯೆ, ಸ್ಟೋರೇಜ್ ನೋಡಿ. 32 ಜಿಬಿ ಎಂದರೆ ಬೇಡ ಎನ್ನಿ. 24 ಬಿಟ್, 48 ಕಿಲೋಹರ್ಟ್ಸ್‌ನ ಮೋನೊ ಟ್ರ್ಯಾಕ್ ನಿಮಿಷಕ್ಕೆ 8.64 ಎಂಬಿ. ಐದು ನಿಮಿಷದ, ಇಪ್ಪತ್ತು ಟ್ರ್ಯಾಕ್‌ನ ಹಾಡೊಂದೇ 864 ಎಂಬಿ, ಬೇಡವಾದ ಟೇಕ್‌ಗಳು ಬೇರೆ. 128 ಜಿಬಿ ನೆಮ್ಮದಿ, ಸ್ಯಾಂಪಲ್ ಬಳಸುವವರಿಗೆ 256.

ಆಮೇಲೆ ಲೋ ಪವರ್ ಮೋಡ್ ಆಫ್ ಮಾಡಿ, ಏರ್‌ಪ್ಲೇನ್ ಮೋಡ್ ಆನ್ ಮಾಡಿ, ಬಫರ್ 128ಕ್ಕೆ ಇಡಿ. ನೀವು ದಿನಾ ಬಳಸುವ ಭಾರದ ಸಿಂತ್ ಒಂದನ್ನು ಹಾಕಿ, ಎಂಟು ಸ್ವರದ ಕಾರ್ಡ್ ಲೂಪ್ ಮಾಡಿ. ಅದೇ ಸಿಂತ್‌ನ ಪ್ರತಿಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋಗಿ. ಚಟಪಟ ಬಂದಲ್ಲಿಂದ ಎರಡು ಪ್ರತಿ ಹಿಂದೆ ಬಂದು, ಸಂಖ್ಯೆ ಬರೆದುಕೊಂಡು, ಇಪ್ಪತ್ತು ನಿಮಿಷ ಹಾಗೇ ಬಿಡಿ. ಮೊದಲು ಸರಿಯಿದ್ದು ಹತ್ತು ನಿಮಿಷದ ನಂತರ ಕೆಟ್ಟರೆ ಶಾಖದ ತೊಂದರೆ. ಚಾರ್ಜರ್ ಹಾಕಿ ಮತ್ತೊಮ್ಮೆ ಕೇಳಿ. ಈ ಇಪ್ಪತ್ತು ನಿಮಿಷದಲ್ಲಿ ಬ್ಯಾಟರಿ 15 ಶೇಕಡಾಕ್ಕಿಂತ ಹೆಚ್ಚು ಇಳಿದರೆ ಬ್ಯಾಟರಿ ದಣಿದಿದೆ ಎಂದೇ ಲೆಕ್ಕ. 2024ಕ್ಕಿಂತ ಹಿಂದಿನ ಐಪ್ಯಾಡ್‌ಗಳ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಆರೋಗ್ಯ ಕಾಣುವುದಿಲ್ಲ, ಇಳಿಯುವ ವೇಗದಿಂದಲೇ ಅಂದಾಜು ಮಾಡಬೇಕು.

ಕೊನೆಗೆ ಇಂಟರ್‌ಫೇಸ್ ಸಿಕ್ಕಿಸಿ, ಹಾಡು ಓಡುತ್ತಿರುವಾಗಲೇ ಕೇಬಲ್ ತುದಿಯನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ಅಲುಗಿಸಿ. ಶಬ್ದ ಕಡಿದರೆ ಮೊದಲು ಮರದ ಟೂತ್‌ಪಿಕ್‌ನಿಂದ ಪೋರ್ಟ್‌ನೊಳಗಿನ ಧೂಳು, ನೂಲಿನ ಎಳೆ ತೆಗೆದು ಮತ್ತೆ ನೋಡಿ. ಆಗಲೂ ಕಡಿದರೆ ಆ ಟ್ಯಾಬ್ ಬಿಟ್ಟುಬಿಡಿ. ಸಡಿಲವಾದ ಪೋರ್ಟ್ ರೆಕಾರ್ಡಿಂಗ್ ಮಧ್ಯದಲ್ಲೇ ಕೈಕೊಡುತ್ತದೆ.

ಕೊಳ್ಳುವ ಕ್ರಮ ಹೇಳುವುದಾದರೆ: ಎಲ್ಲಕ್ಕಿಂತ ಹೆಚ್ಚು ತೂಕ ಎಂ1 ಏರ್ ಅಥವಾ ಎಂ1 ಪ್ರೊಗೆ. ಅಷ್ಟು ಕೈಯಲ್ಲಿಲ್ಲದಿದ್ದರೆ 2018 ಅಥವಾ 2020ರ ಪ್ರೊ. ಹೆಡ್‌ಫೋನ್ ಕಿಂಡಿ ಬೇಕೇಬೇಕು ಎನ್ನುವ, ಹಗುರ ಕೆಲಸದ ಕಲಿಯುವವರಿಗೆ ಒಂಬತ್ತನೇ ತಲೆಮಾರು. ಎಂ1 ಇರುವವರು ಎಂ4ಕ್ಕೆ ಹೋಗಬೇಕಾದದ್ದು ಒಂದೇ ಸಂದರ್ಭದಲ್ಲಿ: ಫ್ರೀಜ್ ಮಾಡಿ, ಸೆಂಡ್ ಬಳಸಿ, ಓವರ್‌ಸ್ಯಾಂಪ್ಲಿಂಗ್ ಇಳಿಸಿದ ಮೇಲೂ 128ರಲ್ಲಿ ಹಾಡು ನಿಲ್ಲುತ್ತಿಲ್ಲ ಎಂದಾದಾಗ. ಆಗಲೂ 1 ಟಿಬಿ ಮಾದರಿಯನ್ನೇ ನೋಡಿ. ಸ್ಟೋರೇಜ್ ತುಂಬದೇ ಹೋದರೂ ನಾಲ್ಕನೆಯ ದೊಡ್ಡ ಕೋರ್ ಮತ್ತು 16 ಜಿಬಿ ರ‍್ಯಾಮ್ ಸಿಗುವುದು ಅಲ್ಲಿಂದಲೇ.